ಬೆಳಕಿನ ಬಾವಿಗೆ ತೆರೆದ ಕಿಟಕಿ

ಅಸಿಮೀನಾಳಿಗೆ ಇಂಗ್ಲಿಷ್ ಬಂದದ್ದು ಒಂದು ಬಾಗಿಲಿನಿಂದ. ಈ ಕತೆ ಗೊತ್ತಿಲ್ಲದವರು ನಮ್ಮ ಕಟ್ಟಡದಲ್ಲಿ ಒಬ್ಬರೂ ಇಲ್ಲ. ವರ್ಷಕ್ಕೆ ನಾಲ್ಕು ಸಲವಾದರೂ ಅವಳೇ ಹೇಳುತ್ತಾಳೆ, ಕೇಳಿದರೂ ಸರಿ, ಕೇಳದಿದ್ದರೂ ಸರಿ. ಅವಳ ತಾಯಿ ಕ್ರಿಸೂಪೋಲಿ ಎಂಬ ಊರಲ್ಲಿ ಸಂಜೆಯ ಇಂಗ್ಲಿಷ್ ತರಗತಿಗಳು ನಡೆಯುವ ಜಾಗದಲ್ಲಿ ಕಸ ಗುಡಿಸುತ್ತಿದ್ದಳು. ಒಂಬತ್ತು ವರ್ಷದ ಹುಡುಗಿಯನ್ನು ಮನೆಯಲ್ಲಿ ಒಬ್ಬಳನ್ನೇ ಬಿಡುವುದು ಹೇಗೆ? ಜೊತೆಗೆ ಕರೆತಂದು ತರಗತಿಯ ಹೊರಗಿನ ಪಡಸಾಲೆಯಲ್ಲಿ ಬಕೆಟ್ ಬೋರಲು ಹಾಕಿ ಕೂರಿಸುತ್ತಿದ್ದಳು. ಒಂದು ದಿನ ಮೇಡಂ ಉರಾನಿಯಾ ಎಂಬಾಕೆ ಹೊರಗೆ ಬಂದವಳು ಬಕೆಟ್ಟಿನ ಮೇಲೆ ಕೂತು ಒಳಗಿನ ಪಾಠಕ್ಕೆ ತುಟಿ ಅಲ್ಲಾಡಿಸುತ್ತಿದ್ದ ಈ ಹುಡುಗಿಯನ್ನು ನೋಡಿದಳು. ಏನೂ ಅನ್ನಲಿಲ್ಲ. ಮಾರನೆಯ ದಿನದಿಂದ ತರಗತಿಯ ಬಾಗಿಲು ಪೂರ್ತಿ ಮುಚ್ಚುವುದು ನಿಂತುಹೋಯಿತು. ಚಳಿಗಾಲದಲ್ಲಿ ಒಳಗಿನ ಮಕ್ಕಳು ನಡುಗಿ ಗೊಣಗಿದರೂ ಬಾಗಿಲು ತೆರೆದೇ ಇತ್ತು, ಮೂರು ವರ್ಷ.

"ಎಷ್ಟು ತೆರೆದಿತ್ತು ಗೊತ್ತಾ?" ಎಂದು ಅಸಿಮೀನಾ ಕೇಳುತ್ತಾಳೆ. ಹೆಬ್ಬೆರಳು ಕಿರುಬೆರಳು ಚಾಚಿ ಗಾಳಿಯಲ್ಲಿ ಅಳತೆ ಹಿಡಿಯುತ್ತಾಳೆ. "ಇಷ್ಟು. ಒಂದು ಗೇಣು. ಆ ಒಂದು ಗೇಣಲ್ಲಿ ನನ್ನ ಬದುಕೇ ಒಳಗೆ ಬಂತು ನೋಡಿ."

ಸುಳ್ಳಲ್ಲ. ಆ ಇಂಗ್ಲಿಷಿನಿಂದಲೇ ಅವಳಿಗೆ ನಮ್ಮ ಕವಾಲಾ ಬಂದರಿನಲ್ಲಿ ಥಾಸೊಸ್ ದ್ವೀಪದ ದೋಣಿಗಳಿಗೆ ಟಿಕೆಟ್ ಕೊಡುವ ಕೆಲಸ ಸಿಕ್ಕಿತು. ಇಪ್ಪತ್ತು ವರ್ಷದಿಂದ ಗಾಜಿನ ಹಿಂದೆ ಕೂತು ಜರ್ಮನ್ನರಿಗೂ ಸ್ವೀಡನ್ನಿನವರಿಗೂ ದೋಣಿ ಎಷ್ಟು ಹೊತ್ತಿಗೆ, ನಾಯಿಗೆ ಟಿಕೆಟ್ ಬೇಕೋ ಬೇಡವೋ ಎಂದು ಪಟಪಟ ಹೇಳುತ್ತಾಳೆ. ಇಂಥ ಕತೆ ಬೆನ್ನಿಗಿದ್ದವಳು ಹೀಗೆ ಮಾಡಿಬಿಟ್ಟಳಲ್ಲ ಎಂದು ಮುಂದೆ ನಿಮಗೆ ಸಿಟ್ಟು ಬರಬಹುದು. ಬರಲಿ. ಅವಳಿಗೂ ಬಂದಿದೆ.

ಮಗ ಯೊರ್ಡಾನಿಸ್ ಶಾಲೆಯ ಕೊನೆಯ ವರ್ಷಕ್ಕೆ ಬಂದ. ಆ ವರ್ಷ ನಮ್ಮಲ್ಲಿ ಮಗುವಷ್ಟೇ ಅಲ್ಲ, ಮನೆಗೆ ಮನೆಯೇ ಪರೀಕ್ಷೆಗೆ ಕೂರುತ್ತದೆ. ಜೂನಿನಲ್ಲಿ ದೇಶಕ್ಕೆಲ್ಲ ಒಂದೇ ಪರೀಕ್ಷೆ, ಅದರ ಅಂಕದ ಮೇಲೆ ವಿಶ್ವವಿದ್ಯಾಲಯ. ಮನೆಪಾಠ ಇಲ್ಲದೆ ಆ ಪರೀಕ್ಷೆ ಬರೆಯುತ್ತೇನೆ ಎನ್ನುವವನನ್ನು ಜನ ಅಯ್ಯೋ ಪಾಪ ಎಂದು ನೋಡುತ್ತಾರೆ. ಅಸಿಮೀನಾ ಊರೆಲ್ಲ ವಿಚಾರಿಸಿ ಗಣಿತಕ್ಕೆ ಪ್ರೋದ್ರೊಮೊಸ್ ಮೇಷ್ಟ್ರನ್ನು ಗೊತ್ತುಮಾಡಿದಳು. ನಿವೃತ್ತರು. ನಲವತ್ತು ವರ್ಷ ಗದ್ದಲದ ತರಗತಿಗಳಲ್ಲಿ ಕೂಗಿ ಕೂಗಿ ಗಂಟಲು ಗಂಟೆಯಾಗಿತ್ತು, ಕಿವಿ ಮಂದವಾಗಿತ್ತು.

ಮೊದಲ ದಿನ ಮೇಷ್ಟ್ರನ್ನು ಹಾಲ್‌ನಲ್ಲಿ ಕೂರಿಸಿದಳು. ಅತಿಥಿಗಳು ಬಂದಾಗ ಮಾತ್ರ ಕಿಟಕಿ ತೆರೆಯುವ, ಸೋಫಾದ ಮೇಲಿನ ಬಟ್ಟೆ ತೆಗೆಯುವ ಹಾಲ್. ಚೆರ್ರಿ ಮುರಬ್ಬ, ತಣ್ಣೀರು, ಕಾಫಿ, ಮತ್ತೆ ಬಿಸ್ಕತ್ತು. ಪಾಠ ಶುರುವಾಗುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಮೊಣಕಾಲೆತ್ತರದ ಮೇಜಿನ ಮೇಲೆ ಬಗ್ಗಿ ಬರೆದು ಹುಡುಗನ ಸೊಂಟ ಹಿಡಿಯಿತು.

"ತಾಯಿ," ಅಂದರು ಮೇಷ್ಟ್ರು ಎದ್ದು ನಿಂತು, "ಈ ಸೋಫಾ ಸಾವಿನ ಮನೇಲಿ ಕೂರೋದಕ್ಕೆ ಚೆನ್ನಾಗಿದೆ. ನಂಗೆ ನೆಟ್ಟಗಿರೋ ಕುರ್ಚಿ ಕೊಡಿ, ಎದೆ ಮಟ್ಟಕ್ಕೆ ಬರೋ ಮೇಜು ಕೊಡಿ. ಮುರಬ್ಬ ಪಾಠ ಮುಗಿದ್ಮೇಲೆ. ಅದನ್ನ ಮಾತ್ರ ಮರೀಬೇಡಿ."

ಅಸಿಮೀನಾ ನಾಚಿಕೊಂಡಳು, ಆದರೆ ಛಲವೂ ಹುಟ್ಟಿತು. ಹಲ್ಲಿನ ಡಾಕ್ಟರ ಬಳಿ ಕಾಯುವಾಗ ವಾರಪತ್ರಿಕೆಯೊಂದರಿಂದ ಹಾಳೆ ಹರಿದು ತಂದಳು: ಮಗುವಿನ ಓದಿಗೆ ಮನೆಯಲ್ಲಿ ಒಳ್ಳೆಯ ಜಾಗ ಮಾಡುವುದು ಹೇಗೆ. ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿದಳು. ಅಡುಗೆಮನೆಯ ಪಕ್ಕ ಒಂದು ಉಗ್ರಾಣದ ಕೋಣೆಯಿತ್ತು. ಎಣ್ಣೆಯ ಡಬ್ಬಗಳು, ಇಸ್ತ್ರಿಯ ಹಲಗೆ, ಅವಳ ಮದುವೆಯಲ್ಲಿ ಬಂದ ಕಸೂತಿ ಚಾದರಗಳ ಪೆಟ್ಟಿಗೆ, ಗಂಡ ಸ್ತ್ರಾತೋಸನ ಸ್ಕ್ರೂ ಮೊಳೆಗಳ ಸಂಸಾರ, ಎಲ್ಲ ಅಲ್ಲಿ. ಒಂದು ಭಾನುವಾರ ಎಲ್ಲವೂ ಹೊರಗೆ ಬಿತ್ತು.

"ನನ್ನ ಸಾಮಾನು ಎಲ್ಲಿ ಇಡ್ಲಿ?" ಅಂದ ಸ್ತ್ರಾತೋಸ್.

"ತಲೆ ಮೇಲೆ ಇಟ್ಕೋ. ಮಗ ಇಂಜಿನಿಯರ್ ಆಗೋದು ಬೇಡ್ವಾ ನಿಂಗೆ?"

ಸ್ತ್ರಾತೋಸ್ ಅಲ್ಯೂಮಿನಿಯಂ ಕಿಟಕಿ ಬಾಗಿಲು ಕೂರಿಸುವವನು, ಕವಾಲಾದ ಅರ್ಧ ಊರಿನ ಕಿಟಕಿಗಳು ಅವನ ಕೈಯವು. ಗೊಣಗುತ್ತಲೇ ಹಳೆಯ ಬಾಗಿಲೊಂದನ್ನು ಉಜ್ಜಿ ಮೇಜು ಮಾಡಿದ. ಗೋಡೆಗೆ ಕೆನೆ ಬಣ್ಣ. ಬರೆಯುವ ಕೈಯ ನೆರಳು ಹಾಳೆಯ ಮೇಲೆ ಬೀಳದಂತೆ ಎಡಕ್ಕೆ ದೀಪ. ಕಣ್ಣಿನ ಮುಂದೆ ಬರಿಯ ಗೋಡೆ, ಏಕೆಂದರೆ ಪತ್ರಿಕೆ ಹಾಗೆ ಹೇಳಿತ್ತು. ಬಾಗಿಲ ಮೇಲೆ ಮಾತ್ರ ದೃಷ್ಟಿಮಣಿ, ಏಕೆಂದರೆ ಪತ್ರಿಕೆಗೆ ಎಲ್ಲವೂ ಗೊತ್ತಿರುವುದಿಲ್ಲ. ಎರಡು ನೆಟ್ಟಗಿನ ಕುರ್ಚಿ. ಕೋಣೆಗೆ ಇದ್ದದ್ದು ಒಂದೇ ಪುಟ್ಟ ಕಿಟಕಿ, ಅದು ತೆರೆಯುವುದು ಬೆಳಕಿನ ಬಾವಿಗೆ.

ಬೆಳಕಿನ ಬಾವಿ ಎಂದರೆ ಕಟ್ಟಡದ ನಡುವೆ ತಳದಿಂದ ತಾರಸಿಯವರೆಗೆ ಬಿಟ್ಟ ಚೌಕದ ಕಿಂಡಿ. ಎಲ್ಲರ ಅಡುಗೆಮನೆ, ಬಚ್ಚಲುಮನೆಗಳ ಕಿಟಕಿಗಳೂ ಅದಕ್ಕೇ ಮುಖ ಮಾಡಿವೆ. ಬೆಳಕು ಅದರಲ್ಲಿ ಬರುವುದು ಅಷ್ಟಕ್ಕಷ್ಟೆ. ಆದರೆ ಎರಡನೇ ಮಹಡಿಯಲ್ಲಿ ಮೀನು ಕರಿದರೆ ಐದನೆಯವರಿಗೆ ಹಸಿವಾಗುತ್ತದೆ, ಐದನೆಯವರು ಸೀನಿದರೆ ಒಂದನೆಯವರು "ಆರೋಗ್ಯ!" ಅನ್ನುತ್ತಾರೆ.

ಅಸಿಮೀನಾ ಇದ್ದದ್ದು ಮೂರನೇ ಮಹಡಿ. ಸರಿಯಾಗಿ ಮೇಲೆ, ನಾಲ್ಕನೆಯದರಲ್ಲಿ ವಾಯಾ ಮತ್ತು ಅವಳ ಮಗಳು ಮೆಲ್ಪೋ. ವಾಯಾಳ ಗಂಡ ಎಂದೋ ಬಿಟ್ಟುಹೋಗಿದ್ದ. ಅವಳು ಮೀನನ್ನು ಡಬ್ಬಕ್ಕೆ ತುಂಬುವ ಕಾರ್ಖಾನೆಯಲ್ಲಿ ಸಂಜೆ ಪಾಳಿ ಮಾಡುತ್ತಿದ್ದಳು. ಮೆಲ್ಪೋ ಯೊರ್ಡಾನಿಸನ ವಯಸ್ಸಿನವಳೇ, ಅದೇ ಶಾಲೆ, ಪಕ್ಕದ ತರಗತಿ. ಹಡಗು ಕಟ್ಟುವ ಓದು ಓದಬೇಕು, ಅಥೆನ್ಸಿಗೆ ಹೋಗಬೇಕು ಎಂದು ಆಸೆ. ಮನೆಪಾಠಕ್ಕೆ ಅವರಲ್ಲಿ ಎಲ್ಲಿಂದ ಬರಬೇಕು? ಎರಡು ಮನೆಗಳ ನಡುವೆ ಹನ್ನೆರಡು ವರ್ಷದಿಂದ ನೀಲಿ ಅಂಚಿನ ಒಂದು ತಟ್ಟೆ ಓಡಾಡುತ್ತಿತ್ತು. ಅದು ಮೂಲದಲ್ಲಿ ಯಾರದೆಂದು ಇಬ್ಬರಿಗೂ ಮರೆತಿತ್ತು. ಮೇಲಿನಿಂದ ಕಡುಬು ಬಂದರೆ ಕೆಳಗಿನಿಂದ ಹಲ್ವ ಹೋಗುತ್ತಿತ್ತು. ಕೊಟ್ಟವರ ತಟ್ಟೆಯನ್ನು ಖಾಲಿ ಮರಳಿಸುವುದು ನಮ್ಮಲ್ಲಿಲ್ಲ. ಏನೂ ಇಲ್ಲದಿದ್ದರೆ ಎರಡು ನಿಂಬೆಹಣ್ಣಾದರೂ ಇಟ್ಟು ಕೊಡುತ್ತೇವೆ.

ಪಾಠ ನಡೆಯುವಾಗ ಅಸಿಮೀನಾ ಪಕ್ಕದ ಅಡುಗೆಮನೆಯಲ್ಲಿ ಸದ್ದಿಲ್ಲದ ಕೆಲಸ ಇಟ್ಟುಕೊಂಡು ಕೂರುತ್ತಿದ್ದಳು. ನವೆಂಬರಿನ ಒಂದು ಸಂಜೆ ಬೇಳೆ ಆರಿಸುತ್ತಿದ್ದಳು. ಗೋಡೆಯಾಚೆ ಮೇಷ್ಟ್ರ ಗಂಟಲು ಕೇಳಿಸಿತು: "ಹಾಗಾದ್ರೆ ಇಲ್ಲಿ ಎಕ್ಸ್ ಎಷ್ಟಪ್ಪಾ?" ಯೊರ್ಡಾನಿಸ್ ಸುಮ್ಮನಿದ್ದ. ಆಗ ಎಲ್ಲಿಂದಲೋ, ಬಾವಿಯೊಳಗಿಂದ, ಉಸಿರಿನಷ್ಟು ಮೆಲ್ಲಗೆ ಒಂದು ದನಿ ಬಂತು: "ಮೈನಸ್ ಮೂರು." ಕ್ಷಣ ಬಿಟ್ಟು ಯೊರ್ಡಾನಿಸ್, "ಮೈನಸ್ ಮೂರು ಸಾರ್!" ಎಂದ. "ಭೇಷ್!" ಎಂದರು ಮೇಷ್ಟ್ರು. ಅವರಿಗೆ ಮೊದಲನೆಯದು ಕೇಳಿಸಿರಲಿಲ್ಲ.

ಅಸಿಮೀನಾ ಕಿಟಕಿಯಿಂದ ತಲೆ ಹೊರಹಾಕಿ ಮೇಲೆ ನೋಡಿದಳು. ನಾಲ್ಕನೇ ಮಹಡಿಯ ಕಿಟಕಿಯ ಕಟ್ಟೆಯಲ್ಲಿ ಒಂದು ಮೊಣಕೈ, ಒಂದು ಹಳದಿ ನೋಟ್‌ಬುಕ್ಕಿನ ಮೂಲೆ, ಓಡುತ್ತಿರುವ ಪೆನ್ಸಿಲ್. ತಲೆ ಒಳಗೆಳೆದುಕೊಂಡು ಬಾಯಿಗೆ ಸೆರಗೊತ್ತಿದಂತೆ ಏಪ್ರನ್ ಒತ್ತಿಕೊಂಡು ನಕ್ಕಳು. ಆ ದಿನ ಅವಳಿಗೆ ಬಂದದ್ದು ನಗುವೇ. ಇದನ್ನು ಹೇಳಲೇಬೇಕು, ಅವಳು ಹುಟ್ಟು ಕೆಟ್ಟವಳಲ್ಲ. ಕೇಳಲಿ ಬಿಡು, ಗಾಳಿಗೇನು ಟಿಕೆಟ್ಟೇ ಎಂದುಕೊಂಡಳು. ಯೊರ್ಡಾನಿಸ್ ಆಮೇಲಾಮೇಲೆ ಪ್ರತಿ ಲೆಕ್ಕದ ಪ್ರಶ್ನೆಯನ್ನೂ ಜೋರಾಗಿ ಓದಿ ಹೇಳುವುದನ್ನು ಅಭ್ಯಾಸ ಮಾಡಿಕೊಂಡ. ಮಗನಿಗೆ ಎಂಥ ಶ್ರದ್ಧೆ ಎಂದು ಅವಳು ಬಂದರಿನಲ್ಲೆಲ್ಲ ಹೇಳಿಕೊಂಡು ಬಂದಳು.

ಜನವರಿ ಆರು, ಥಿಯೋಫನಿ ಹಬ್ಬ. ಪಾದ್ರಿಗಳು ಬಂದರಿನ ನೀರಿಗೆ ಶಿಲುಬೆ ಎಸೆಯುವ ದಿನ, ಯೊರ್ಡಾನಿಸ್ ಹೆಸರಿನವರಿಗೆಲ್ಲ ಹುಟ್ಟುಹಬ್ಬದಂತೆ ಆಚರಿಸುವ ಹೆಸರಿನ ಹಬ್ಬ. ಹಾಲ್‌ನ ಸೋಫಾಗಳ ಬಟ್ಟೆ ತೆಗೆದರು. ನೆಂಟರು, ನೆರೆಯವರು ತುಂಬಿದರು. ಯಾರೋ ಮಗುವಿನ ಓದಿನ ಮಾತೆತ್ತಿದ್ದೇ ತಡ, ಅಸಿಮೀನಾ ಬಕೆಟ್ಟಿನಿಂದ ಶುರುಮಾಡಿ ಮೇಡಂ ಉರಾನಿಯಾಳವರೆಗೆ ಬಂದು ಗಾಳಿಯಲ್ಲಿ ಗೇಣು ಹಿಡಿದು ಕತೆ ಮುಗಿಸಿದಳು. ಸೋದರತ್ತೆಯೊಬ್ಬಳು ಎಂದಿನಂತೆ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ವಾಯಾ ಬಂದಳು, ಕೈಯಲ್ಲಿ ನೀಲಿ ಅಂಚಿನ ತಟ್ಟೆ, ತಟ್ಟೆಯ ತುಂಬ ಜೇನಿನ ಬಿಸ್ಕತ್ತು.

"ಹೆಸರು ನೂರು ಕಾಲ ಬಾಳ್ಲಿ ಕಣೋ ಯೊರ್ಡಾನಿ!" ಎಂದು ಹುಡುಗನ ಕೆನ್ನೆ ಹಿಂಡಿದಳು. ಆಮೇಲೆ ತಡೆದುಕೊಳ್ಳಲಾರದೆ ಹೇಳಿದಳು: "ಅಸಿಮೀನಾ, ಹೇಳ್ದೆ ಇರಕ್ಕಾಗ್ತಿಲ್ಲ. ನಮ್ಮ ಮೆಲ್ಪೋಗೆ ಗಣಿತದಲ್ಲಿ ಇಪ್ಪತ್ತಕ್ಕೆ ಹತ್ತೊಂಬತ್ತು! ಟೀಚರೇ ಬೆರಗಾಗಿದ್ದಾರೆ. ಮನೆಪಾಠ ಇಲ್ಲ, ಏನಿಲ್ಲ, ಎಲ್ಲ ಅವಳ ಸ್ವಂತ ತಲೆ! ಕಾರ್ಖಾನೇಲಿ ಎಲ್ರಿಗೂ ಹೇಳ್ಬಿಟ್ಟೆ."

"ತೂ ತೂ, ದೃಷ್ಟಿ ಬೀಳ್ದಿರ್ಲಿ," ಎಂದಳು ಅಸಿಮೀನಾ. ನಾಲಗೆ ಅಷ್ಟು ಹೇಳಿತು. ಯೊರ್ಡಾನಿಸನಿಗೆ ಬಂದದ್ದು ಹದಿನಾಲ್ಕು. ಸ್ವಂತ ತಲೆಯಂತೆ! ಮೇಷ್ಟ್ರನ್ನು ಹುಡುಕಿದ್ದು ನಾನು, ಕೋಣೆ ಖಾಲಿ ಮಾಡಿದ್ದು ನಾನು, ಮುರಬ್ಬ ಬಡಿಸುವುದು ನಾನು. ಹತ್ತೊಂಬತ್ತು ಮಾತ್ರ ಮೇಲಿನ ಮನೆಗೆ! ಕಚ್ಚಿದ ಜೇನಿನ ಬಿಸ್ಕತ್ತನ್ನು ಅರ್ಧಕ್ಕೇ ಕೆಳಗಿಟ್ಟಳು. ವಿಶ್ವವಿದ್ಯಾಲಯದ ಸೀಟುಗಳು ಎಣಿಸಿದಷ್ಟೇ ಇರುವುದು, ಆ ಹುಡುಗಿ ಕೂರುವ ಕುರ್ಚಿ ನನ್ನ ಮಗನದೇ ಯಾಕಾಗಿರಬಾರದು ಎಂಬ ಯೋಚನೆಯೂ ಬಂತು. ಅದು ಬಂದದ್ದು ಅವಳಿಗೆ ಚೆನ್ನಾಗಿ ನೆನಪಿದೆ.

ಅತಿಥಿಗಳು ಹೋದಮೇಲೆ ಗಂಡನನ್ನು ಹಿಡಿದಳು.

"ಓದೋ ಕೋಣೆ ಕಿಟಕಿಯಿಂದ ಗಾಳಿ ನುಗ್ತಿದೆ. ಮೀನಿನ ವಾಸನೆ ಬೇರೆ. ಎರಡು ಪದರದ ಗಾಜು ಹಾಕಿ ಗಟ್ಟಿಯಾಗಿ ಕೂರಿಸ್ಬಿಡು."

"ತೆರೆಯೋ ಹಾಗೆ ಮಾಡ್ಲಾ?"

"ಬೇಡ. ಪೂರ್ತಿ ಮುಚ್ಚಿರೋದೇ ಹಾಕು."

"ಉಸಿರಾಡೋದು ಬೇಡ್ವೇನೇ ಹುಡುಗ?"

"ಬಾಗಿಲಿದೆಯಲ್ಲ! ಓದಿಗೆ ನಿಶ್ಶಬ್ದ ಬೇಕು ಅಂತ ಪತ್ರಿಕೇಲೇ ಬರೆದಿದ್ದಾರೆ, ನೋಡು ಬೇಕಾದ್ರೆ."

ಪತ್ರಿಕೆಯಲ್ಲಿ ಬರೆದಿತ್ತು, ನಿಜ. ಕೆಟ್ಟ ಕೆಲಸಕ್ಕೆ ಒಳ್ಳೆಯ ಕಾರಣ ಸಿಕ್ಕಿಬಿಟ್ಟರೆ ಮನುಷ್ಯನನ್ನು ಹಿಡಿಯುವವರು ಯಾರು? ಶನಿವಾರ ಸ್ತ್ರಾತೋಸ್ ಹಳೆಯ ಚೌಕಟ್ಟು ಕಿತ್ತು, ದಪ್ಪ ಗಾಜು ಕೂರಿಸಿ, ಸುತ್ತ ಸಿಲಿಕೋನ್ ಎಳೆದ. ಬೆರಳಲ್ಲಿ ತಟ್ಟಿ ತೋರಿಸಿದ. ಒಳಗೆ ನಿಂತರೆ ಹತ್ತಿ ತುಂಬಿದ ಪೆಟ್ಟಿಗೆಯಲ್ಲಿ ನಿಂತಂತಿತ್ತು. ಯೊರ್ಡಾನಿಸ್ ಬಾಗಿಲಲ್ಲಿ ನಿಂತು ಗಾಜನ್ನು ನೋಡಿದ, ತಾಯಿಯನ್ನು ನೋಡಿದ, ಹೊರಟುಹೋದ.

ಮುಂದಿನ ಪಾಠದ ಹೊತ್ತಿಗೆ ಅಸಿಮೀನಾ ಅಡುಗೆಮನೆಯ ಕಿಟಕಿಯನ್ನೂ ಮುಚ್ಚಿ ಕೂತಳು. ಅರ್ಧ ಗಂಟೆ ತಡೆದಳು. ಆಮೇಲೆ ಮೆಲ್ಲಗೆ ತೆರೆದು ಮೇಲೆ ನೋಡಿದಳು. ಹಳದಿ ನೋಟ್‌ಬುಕ್ ಕಟ್ಟೆಯ ಮೇಲಿತ್ತು. ಪೆನ್ಸಿಲ್ ಓಡುತ್ತಿರಲಿಲ್ಲ. ಹುಡುಗಿ ಕಿವಿ ಕೆಳಗೆ ಮಾಡಿ ಕಾಯುತ್ತಿದ್ದಳು. ಅಸಿಮೀನಾ ಕಿಟಕಿ ಮುಚ್ಚಿ ಈರುಳ್ಳಿ ಹೆಚ್ಚಲು ಕೂತಳು, ಆ ದಿನದ ಅಡುಗೆಗೆ ಈರುಳ್ಳಿಯೇ ಬೇಕಿರಲಿಲ್ಲ.

ಹತ್ತು ದಿನ ಕಳೆದು ಮೆಟ್ಟಿಲ ಮೇಲೆ ಮೆಲ್ಪೋ ಎದುರಾದಳು. ಕೈಯಲ್ಲಿ ರೊಟ್ಟಿಯ ಚೀಲ.

"ಆಂಟಿ, ಯೊರ್ಡಾನಿಸ್‌ಗೆ ಪಾಠ ನಿಲ್ಲಿಸಿದ್ರಾ?"

"ಇಲ್ವಲ್ಲ ಪುಟ್ಟಿ. ನಡೀತಿದೆ."

"ಓ. ಈಗ ಕೇಳ್ಸ್ತಾನೇ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಕಿವಿಯವರೆಗೆ ಕೆಂಪಾದಳು.

"ಕಿಟಕಿ ಬದಲಾಯಿಸಿದ್ವಿ. ಚಳಿ ಅಂತ," ಎಂದಳು ಅಸಿಮೀನಾ.

ಹುಡುಗಿಗೆ ಅರ್ಥವಾಯಿತು. ಎಷ್ಟು ಅರ್ಥವಾಯಿತು ಎಂದು ಹೇಳುವುದು ಕಷ್ಟ. ಹೊಸ ವಸ್ತು ಕೊಂಡವರಿಗೆ ನಮ್ಮಲ್ಲಿ ಹಾರೈಸುವುದು ಪದ್ಧತಿ, ಬಟ್ಟೆಯಾಗಲಿ ಪಾತ್ರೆಯಾಗಲಿ. ಮೆಲ್ಪೋ ತಲೆ ಎತ್ತಿ, "ಹೊಸ ಕಿಟಕಿ ಸುಖವಾಗಿ ಬಳಸಿ ಆಂಟಿ," ಎಂದು ಹಾರೈಸಿದಳು. ವ್ಯಂಗ್ಯವಿಲ್ಲ, ಏನಿಲ್ಲ. ಮೆಟ್ಟಿಲು ಹತ್ತಿ ಹೋದಳು. ಅಸಿಮೀನಾ ಕಂಬಿ ಹಿಡಿದು ಅಲ್ಲೇ ನಿಂತಳು. ಬೈದಿದ್ದರೆ ಬದುಕುತ್ತಿದ್ದೆ ಎನ್ನಿಸಿತು.

ಆಮೇಲೆ ಅವಳಿಗೆ ನೆಮ್ಮದಿಯಿಲ್ಲ. ಬಂದರಿನಲ್ಲಿ ತನ್ನ ಗಾಜಿನ ಕಿಟಕಿಯ ಹಿಂದೆ ಕೂತವಳು ತಪ್ಪು ದೋಣಿಗೆ ಟಿಕೆಟ್ ಕೊಟ್ಟಳು. ನೀಲಿ ಅಂಚಿನ ತಟ್ಟೆ ಕಪಾಟಿನಲ್ಲಿ ಕೂತು ಅವಳನ್ನೇ ನೋಡುತ್ತಿತ್ತು. ತಿಂಗಳಾದರೂ ಅದರಲ್ಲಿ ಏನನ್ನಾದರೂ ಇಟ್ಟು ಮೇಲೆ ಕಳಿಸಲು ಕೈ ಬರಲಿಲ್ಲ. ಓದುವ ಕೋಣೆಯಲ್ಲಿ ಮೇಷ್ಟ್ರು, "ಇದೇನು ತಾಯಿ, ಜಲಾಂತರ್ಗಾಮಿ ಹಡಗಿನಲ್ಲಿ ಕೂರಿಸಿದ ಹಾಗಿದೆ," ಎಂದು ಬೆವರೊರೆಸಿಕೊಂಡರು. ಯೊರ್ಡಾನಿಸನ ಅಂಕ ಹನ್ನೆರಡಕ್ಕೆ ಇಳಿಯಿತು.

"ಎಂಥ ಕೋಣೆ ಮಾಡಿಕೊಟ್ಟಿದ್ದೀನಿ ನಿಂಗೆ!" ಎಂದು ಅವಳು ಆ ದಿನ ಕೂಗಿದಳು. "ದೀಪ, ಮೇಜು, ನಿಶ್ಶಬ್ದ. ಇನ್ನೇನು ಬೇಕೋ?"

ಯೊರ್ಡಾನಿಸ್ ಪುಸ್ತಕ ಮುಚ್ಚಿದ. "ಅಮ್ಮಾ, ನಾನು ಪ್ರಶ್ನೇನ ಜೋರಾಗಿ ಯಾಕೆ ಓದ್ತಿದ್ದೆ ಅಂದ್ಕೊಂಡೆ? ನಂಗೇನು ಕಿವುಡಾ?"

ಅಸಿಮೀನಾ ಕೈಯಲ್ಲಿದ್ದ ಅಂಕಪಟ್ಟಿಯನ್ನು ಮೇಜಿನ ಮೇಲಿಟ್ಟಳು.

"ಅವಳಿಗೆ ಕೇಳ್ಲಿ ಅಂತ ಓದ್ತಿದ್ದೆ. ಅವಳು ಮಾಡ್ತಾಳೆ ಅಂತ ನಾನೂ ಮಾಡ್ತಿದ್ದೆ. ಅವಳಿಗಿಂತ ಮುಂಚೆ ಒಂದ್ಸಲ ಆದ್ರೂ ಉತ್ತರ ಹೇಳ್ಬೇಕು ಅಂತ. ನೀನು ನೋಡ್ಬಿಟ್ಟೆ, ಮುಚ್ಚಿಸ್ಬಿಟ್ಟೆ. ಗಾಳಿಯಂತೆ, ಮೀನಿನ ವಾಸನೆಯಂತೆ!" ಅವನು ಪುಸ್ತಕ ಎತ್ತಿಕೊಂಡು ಎದ್ದ. "ಬರೋ ವರ್ಷವೂ ಹೇಳಮ್ಮ, ನಿನ್ನ ಒಂದು ಗೇಣಿನ ಕತೆ. ಚೆನ್ನಾಗಿರತ್ತೆ."

ಇಪ್ಪತ್ತು ವರ್ಷ ಹೇಳಿದ ಕತೆ. ಅಂದು ಹಬ್ಬದಲ್ಲಿ ಹೇಳಿದ ನಾಲಗೆ ಒಣಗುವ ಮುಂಚೆಯೇ ಕಿಟಕಿ ಮುಚ್ಚಿಸಿದ್ದಳು. ಬಕೆಟ್ಟಿನ ಮೇಲೆ ಕೂತವಳು ಇವಳೇ, ಆದರೂ ಆ ಬಾಗಿಲೂ ಈ ಕಿಟಕಿಯೂ ಒಂದೇ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಅಸಿಮೀನಾ ಅಡುಗೆಮನೆಯ ಕುರ್ಚಿಯಲ್ಲಿ ಕುಸಿದು ಅತ್ತಳು. ನಾಚಿಕೆಯಿಂದ ಅತ್ತಳು, ದುಃಖದಿಂದಲ್ಲ. ಆ ಅಳು ಅತ್ತವರಿಗೇ ಗೊತ್ತು, ಅದರಿಂದ ಎದೆ ಹಗುರಾಗುವುದಿಲ್ಲ.

ಇಲ್ಲಿಗೆ ಬುದ್ಧಿ ಬಂತಲ್ಲ, ಇನ್ನು ಸರಿಹೋಗುತ್ತದೆ ಎಂದು ನೀವು ಅಂದುಕೊಳ್ಳಬಹುದು. ಅಸಿಮೀನಾಳೂ ಹಾಗೇ ಅಂದುಕೊಂಡಳು. ಸದ್ದಿಲ್ಲದೆ ಗಾಜು ತೆಗೆಸಿಬಿಟ್ಟಿದ್ದರೆ ಸರಿಹೋಗುತ್ತಿತ್ತೋ ಏನೋ. ಮೇಡಂ ಉರಾನಿಯಾ ಮಾತೇ ಆಡಿರಲಿಲ್ಲ. ಆದರೆ ಅಸಿಮೀನಾಳ ಎದೆಯಲ್ಲಿ ಕಲ್ಲಿತ್ತು, ಅದನ್ನು ಯಾರೆದುರಾದರೂ ಇಳಿಸಬೇಕಿತ್ತು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು, ಮಾಂಸ ಬೆಣ್ಣೆ ಮುಟ್ಟದೆ ಪಾಲಕ್ ತುಂಬಿದ ಕಡುಬು ಬೇಯಿಸಿದಳು. ನೀಲಿ ಅಂಚಿನ ತಟ್ಟೆ ತುಂಬಿಸಿದಳು. ಮಾರುಕಟ್ಟೆಯಿಂದ ಮೂರನೆಯ ಕುರ್ಚಿಯೊಂದನ್ನು ತಂದು ಓದುವ ಕೋಣೆಯಲ್ಲಿಟ್ಟಳು. ಶುಕ್ರವಾರ ಬೆಳಗ್ಗೆ ವಾಯಾ ಮನೆಯಲ್ಲಿದ್ದಾಗ ಮೇಲೆ ಹೋದಳು.

ಮೆಲ್ಪೋಗೆ ಅಂದು ನೆಗಡಿ, ಶಾಲೆಗೆ ಹೋಗದೆ ಮೇಜಿಗೆ ಕೂತಿದ್ದಳು. ವಾಯಾ ಕಾಫಿಗೆ ನೀರಿಟ್ಟಳು. "ಅಬ್ಬಾ, ತಟ್ಟೆ ಸತ್ತೇ ಹೋಯ್ತು ಅಂದ್ಕೊಂಡಿದ್ದೆ!" ಎಂದು ನಕ್ಕಳು.

"ವಾಯಾ, ನಾನೊಂದು ಪಾಪ ಮಾಡ್ದೆ," ಎಂದಳು ಅಸಿಮೀನಾ. ಎಲ್ಲವನ್ನೂ ಹೇಳಿದಳು. ಬಾವಿಯ ದನಿ, ಹಳದಿ ನೋಟ್‌ಬುಕ್, ಹತ್ತೊಂಬತ್ತು ಕೇಳಿ ಹೊಟ್ಟೆ ಉರಿದದ್ದು, ಗಾಳಿ ಮೀನಿನ ವಾಸನೆ ಎಂದು ಗಂಡನಿಗೆ ಹೇಳಿದ ನೆಪ, ಗಾಜು, ಸಿಲಿಕೋನ್. "ಮೂರನೇ ಕುರ್ಚಿ ಹಾಕಿದ್ದೀನಿ. ಮೆಲ್ಪೋ ನಾಳೆಯಿಂದ ಕೆಳಗೆ ಬಂದು ಯೊರ್ಡಾನಿ ಪಕ್ಕ ಕೂತ್ಕೊಳ್ಲಿ. ದಮ್ಮಯ್ಯ, ಇಲ್ಲ ಅನ್ಬೇಡ."

ಹೇಳುತ್ತ ಹೇಳುತ್ತ ಅವಳಿಗೆ ಹಗುರಾಗುತ್ತಿತ್ತು. ಅದಕ್ಕೇ ಎದುರಿನ ಮುಖ ನೋಡಲಿಲ್ಲ. ನೋಡಿದಾಗ ವಾಯಾ ಅವಳತ್ತ ನೋಡುತ್ತಲೇ ಇರಲಿಲ್ಲ.

"ಕಿಟಕೀಲಿ ಕೂತು ಕದ್ದು ಕೇಳ್ತಿದ್ಯಾ ನೀನು?" ವಾಯಾ ಮಗಳನ್ನು ಕೇಳಿದಳು.

ಮೆಲ್ಪೋ ತಲೆ ತಗ್ಗಿಸಿದಳು.

"ನಾನು ಕಾರ್ಖಾನೇಲಿ ಎದೆ ತಟ್ಟಿ ಹೇಳ್ಕೊಂಡ್ ಬಂದೆ. ಯಾರ ಹಂಗೂ ಇಲ್ದೆ ನನ್ನ ಮಗಳು ಕಲೀತಾಳೆ ಅಂತ. ಇವರ ಮನೇಗೇ ಹೋಗಿ, ಹಬ್ಬದ ದಿನ, ಎಲ್ರ ಎದುರಿಗೆ ಹೇಳ್ದೆ! ಇವಳು ಎಲ್ಲ ಗೊತ್ತಿದ್ದೂ ನನ್ನ ಮುಖ ನೋಡ್ತಾ ನಿಂತಿದ್ಲು. ಎಷ್ಟು ನಕ್ಕಿರ್ಬೇಕು!"

"ದೇವಮಾತೆಯಾಣೆ, ನಗಲಿಲ್ಲ ವಾಯಾ..."

"ಮೀನಿನ ವಾಸನೆ ಅಂದ್ಯಲ್ಲ ಗಂಡನ ಹತ್ರ. ಹೌದು, ನನ್ನ ಮೈ ವಾಸನೆ ಅದೇ." ವಾಯಾ ಕಾಫಿಯ ಉರಿ ಆರಿಸಿದಳು. "ನಿಮ್ಮ ಮೂರನೇ ಕುರ್ಚಿ ನಿಮ್ಗೇ ಇರ್ಲಿ. ಹೋಗಿ ಬನ್ನಿ, ಅಸಿಮೀನಾ ಅವ್ರೇ."

ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವಳು ಬಹುವಚನದಲ್ಲಿ ಮಾತಾಡಿದ್ದಳು. ಬಾಗಿಲಿಗೆ ಬಂದು ಅಸಿಮೀನಾ ಒಮ್ಮೆ ತಿರುಗಿ ನೋಡಿದಳು. ಮೆಲ್ಪೋ ಅವಳನ್ನೇ ನೋಡುತ್ತಿದ್ದಳು. ಆ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ. ಯಾಕೆ ಹೇಳಿದಿರಿ, ಅಷ್ಟೇ ಇತ್ತು. ಗಾಜು ಹಾಕಿ ಅವಳ ಪಾಠ ಕಿತ್ತುಕೊಂಡಿದ್ದಳು. ಈಗ ತನ್ನ ಎದೆ ಹಗುರ ಮಾಡಿಕೊಳ್ಳಲು ಹೋಗಿ ತಾಯಿಯ ಕಣ್ಣಲ್ಲಿ ಅವಳಿಗಿದ್ದ ಹೆಮ್ಮೆಯನ್ನೂ ಕಿತ್ತುಕೊಂಡಳು.

ಗಾಜು ತೆಗೆಯಲು ಹೇಳಿದಾಗ ಸ್ತ್ರಾತೋಸ್ ಉರಿದುಬಿದ್ದ. "ನಂಗೇನು ಬೇರೆ ಕೆಲಸ ಇಲ್ವಾ? ಹಾಕು ಅಂತೀಯ, ತೆಗಿ ಅಂತೀಯ!" ಹೆಂಡತಿಯ ಮುಖ ನೋಡಿ ಚಾಕು ತಂದು ಸಿಲಿಕೋನ್ ಕೊಯ್ದ. ಫೆಬ್ರವರಿ ಕೊನೆಯ ಗಾಳಿ ಕೋಣೆಗೆ ನುಗ್ಗಿತು. ಮೇಷ್ಟ್ರು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಪಾಠ ಹೇಳಿದರು. ಅವರಿಗೆ ಯಾರೋ ವಿಷಯ ಹೇಳಿರಬೇಕು, ಎಂದಿಗಿಂತ ಜೋರಾಗಿ ಕೂಗಿದರು. ಯೊರ್ಡಾನಿಸ್ ಪ್ರತಿ ಪ್ರಶ್ನೆಯನ್ನೂ ಕಿಟಕಿಯ ಕಡೆ ತಿರುಗಿ ಓದಿದ. ಅಸಿಮೀನಾ ಅಡುಗೆಮನೆಯಿಂದ ತಲೆ ಹೊರಹಾಕಿ ಮೇಲೆ ನೋಡಿದಳು. ನಾಲ್ಕನೇ ಮಹಡಿಯ ಕಿಟಕಿ ಮುಚ್ಚಿತ್ತು. ಗಾಜಿಗೆ ಒಳಗಿನಿಂದ ಹಳೆಯ ಪೇಪರ್ ಅಂಟಿಸಿದ್ದರು.

ಎರಡು ದಿನದ ನಂತರ ಕೆಲಸದಿಂದ ಬಂದಾಗ ಬಾಗಿಲಿನ ಹಿಡಿಗೆ ಒಂದು ಪ್ಲಾಸ್ಟಿಕ್ ಚೀಲ ತೂಗುಹಾಕಿತ್ತು. ಒಳಗೆ ನೀಲಿ ಅಂಚಿನ ತಟ್ಟೆ. ಫಳಫಳ ತೊಳೆದಿತ್ತು. ಚೀಲದೊಳಗೆ ಕೈ ಹಾಕಿ ತಳದವರೆಗೂ ತಡಕಾಡಿದಳು, ಒಂದು ನಿಂಬೆಹಣ್ಣಾದರೂ ಇದೆಯೇ ಎಂದು. ಇರಲಿಲ್ಲ.

ಮೇ ತಿಂಗಳವರೆಗೂ ಕಿಟಕಿ ತೆರೆದೇ ಇತ್ತು, ಮೂರನೆಯ ಕುರ್ಚಿ ಅಲ್ಲೇ ಇತ್ತು. ಅದರ ಮೇಲೆ ಯಾರೂ ಕೂರಲಿಲ್ಲ, ಮೇಷ್ಟ್ರು ಟೋಪಿ ಇಡುತ್ತಿದ್ದರು. ಯೊರ್ಡಾನಿಸ್‌ಗೆ ಹತ್ತಿರದ ಕ್ಸಾಂಥಿಯಲ್ಲಿ ಇಂಜಿನಿಯರಿಂಗ್ ಸಿಕ್ಕಿತು. ಮೆಲ್ಪೋ ಗಣಿತದಲ್ಲಿ ಹದಿಮೂರಕ್ಕೆ ನಿಂತಳು. ಹಡಗು ಕಟ್ಟುವ ಓದು ಕೈ ತಪ್ಪಿತು, ಅಲೆಕ್ಸಾಂಡ್ರೂಪೋಲಿಯಲ್ಲಿ ನರ್ಸಿಂಗ್‌ಗೆ ಹೋದಳು. ಅದೇನು ಕೆಟ್ಟ ಓದಲ್ಲ. ಕಿಟಕಿ ಮುಚ್ಚಿಸದೇ ಇದ್ದಿದ್ದರೂ ಹೀಗೇ ಆಗುತ್ತಿತ್ತೋ ಏನೋ, ಯಾರು ಹೇಳಬಲ್ಲರು? ಸ್ತ್ರಾತೋಸ್ ಸಮಾಧಾನಕ್ಕೆ ಹಾಗೆಯೇ ಹೇಳುತ್ತಾನೆ. ಯಾರೂ ಹೇಳಲಾರರು ಎಂಬುದೇ ಅಸಿಮೀನಾಳನ್ನು ತಿನ್ನುತ್ತದೆ. ರಜೆಗೆ ಬಂದಾಗ ಮೆಲ್ಪೋ ಮೆಟ್ಟಿಲ ಮೇಲೆ ಎಂದಿನಂತೆ, "ನಮಸ್ಕಾರ ಆಂಟಿ, ಚೆನ್ನಾಗಿದ್ದೀರಾ?" ಎನ್ನುತ್ತಾಳೆ. ಅಸಿಮೀನಾ ಚೆನ್ನಾಗಿದ್ದೇನೆ ಎನ್ನುತ್ತಾಳೆ.

ಮತ್ತೆ ಥಿಯೋಫನಿ ಬಂತು. ಹಾಲ್‌ನ ಕಿಟಕಿ ತೆರೆದರು, ಸೋಫಾದ ಬಟ್ಟೆ ತೆಗೆದರು, ನೆಂಟರು ತುಂಬಿದರು. ವಾಯಾ ಬರಲಿಲ್ಲ. ಸೋದರತ್ತೆ ಹೊಸ ಸೊಸೆಯನ್ನು ಕರೆತಂದಿದ್ದಳು. "ಅಸಿಮೀನಾ, ಇವಳಿಗೆ ನಿನ್ನ ಬಾಗಿಲಿನ ಕತೆ ಗೊತ್ತಿಲ್ಲ. ಹೇಳೇ!"

ಅಸಿಮೀನಾ ಕಾಫಿಯ ಟ್ರೇ ಹಿಡಿದು ನಿಂತಿದ್ದಳು. "ನಮ್ಮಮ್ಮ ಕಸ ಗುಡಿಸ್ತಿದ್ಲು," ಎಂದು ಶುರುಮಾಡಿದಳು. "ನಾನು ಪಡಸಾಲೇಲಿ, ಬಕೆಟ್ ಮೇಲೆ..." ಅಲ್ಲಿಗೆ ನಿಲ್ಲಿಸಿ ಕೆಮ್ಮಿದಳು. ಮಗ ರಜೆಗೆ ಬಂದಿದ್ದ, ಮೂಲೆಯಲ್ಲಿ ನಿಂತಿದ್ದ, ನೆಲ ನೋಡುತ್ತಿದ್ದ. ಹೆಂಡತಿಗೆ ಕೆಮ್ಮು ಬಂತೆಂದು ಸ್ತ್ರಾತೋಸ್ ತಾನೇ ಕತೆ ಮುಂದುವರಿಸಿದ. ನೂರು ಸಲ ಕೇಳಿದ್ದವನಲ್ಲವೇ, ಒಂದು ಮಾತೂ ತಪ್ಪಲಿಲ್ಲ. ಚಳಿಗೆ ಗೊಣಗಿದ ಮಕ್ಕಳು, ಮೂರು ವರ್ಷ, ಬಾಯಿ ಬಿಡದ ಮೇಡಂ ಉರಾನಿಯಾ. ಕೊನೆಗೆ ಸಿಲಿಕೋನ್ ಕಲೆಯಿದ್ದ ತನ್ನ ದಪ್ಪ ಬೆರಳುಗಳನ್ನು ಚಾಚಿ ಗಾಳಿಯಲ್ಲಿ ಗೇಣು ಹಿಡಿದು ತೋರಿಸಿದ.

ಹೊಸ ಸೊಸೆಯ ಕಣ್ಣು ತುಂಬಿತು. "ಎಂಥ ಒಳ್ಳೆಯವ್ರು ಇರ್ತಾರಲ್ವಾ ಅಕ್ಕಾ!"

"ಹೌದಮ್ಮ," ಎಂದಳು ಅಸಿಮೀನಾ. "ಅವಳು ಒಳ್ಳೆಯವಳು."